ಬಿಸಿಲಿಗಿಟ್ಟ ಎಣ್ಣೆಕುಪ್ಪಿ

ಗುಜರಿ ಅಂಗಡಿ ಕಂಡರೆ ನನ್ನ ಸ್ಕೂಟರು ತಾನಾಗಿಯೇ ನಿಧಾನವಾಗುತ್ತದೆ. ಬ್ರೇಕು ಹಿಡಿಯುವವನು ನಾನೇ ಎಂಬುದು ನಿಜವಾದರೂ ಮನೆಯಲ್ಲಿ ಹಾಗೆ ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ಹೀಗೆ ನಿಧಾನವಾದದ್ದರ ಫಲವಾಗಿ ಗಾಜಿಲ್ಲದ ಒಂದು ಲಾಂದ್ರ, ಮುಳ್ಳಿಲ್ಲದ ಒಂದು ಗೋಡೆಗಡಿಯಾರ, ಯಾವುದಕ್ಕೆ ಹೊಂದುತ್ತದೆಂದು ಇಂದಿಗೂ ತಿಳಿಯದ ಒಂದು ಹಿತ್ತಾಳೆಯ ಮುಚ್ಚಳ ನಮ್ಮ ಚಾವಡಿಯಲ್ಲಿ ಬಂದು ಕೂತಿವೆ. ಅವುಗಳ ಧೂಳು ಒರೆಸುವಾಗಲೆಲ್ಲ ನನ್ನ ಹೆಂಡತಿ ಯಶೋದೆ ಒಂದು ಮಾತು ಹೇಳುತ್ತಾಳೆ: "ನೀವು ರಿಟೈರ್ ಆದ ಮೇಲೆ ಈ ಮನೆಗೆ ಬಂದದ್ದೆಲ್ಲ ರಿಟೈರ್ ಆದ ಸಾಮಾನೇ ಮಾರಾಯ್ರೆ." ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಕಿಟಕಿಯ ಹೊರಗೆ ನೋಡುವ ಅಭ್ಯಾಸ ತರಗತಿಯಲ್ಲೇ ಆಗಿಬಿಟ್ಟಿದೆ. ಮನೆಯಲ್ಲೂ ಅದನ್ನೇ ಮಾಡುತ್ತೇನೆ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಪಂಪಿನ ವಾಷರ್ ತರಲೆಂದು ನಾಯ್ಮಾರ್ಮೂಲೆಗೆ ಹೋಗಿದ್ದೆ. ವಾಷರ್ ಸಿಕ್ಕಿತು. ಸುಮ್ಮನೆ ಎಡನೀರಿನ ದಾರಿ ಹಿಡಿದು ಮನೆಗೆ ಬಂದಿದ್ದರೆ ನಿಮಗೆ ಇದನ್ನು ಓದುವ ಕಷ್ಟ ಇರುತ್ತಿರಲಿಲ್ಲ. ಪೇಟೆ ದಾಟುವಲ್ಲಿ ಹೊಸತೊಂದು ಗುಜರಿ ಅಂಗಡಿ ಶುರುವಾಗಿತ್ತು, ಸ್ಕೂಟರು ತನ್ನ ಕೆಲಸ ಮಾಡಿತು. ಹಳೆಯ ಫ್ರಿಜ್ಜುಗಳ ಹಿಂದೆ, ಗೋಣಿಚೀಲ ಹೊದ್ದುಕೊಂಡು ಒಂದು ಹೊಲಿಗೆ ಮೆಷಿನು ಕೂತಿತ್ತು. ಮನೆಯಲ್ಲಿ ಇಟ್ಟುಕೊಳ್ಳುವ ಕಾಲ್ಮೆಷಿನ್ ಅಲ್ಲ. ಬಟ್ಟೆ ಕಾರ್ಖಾನೆಗಳಲ್ಲಿ ಸಾಲಾಗಿ ಇರುತ್ತವಲ್ಲ, ಮೇಜಿನ ಅಡಿಗೆ ಮೋಟಾರು ಕಟ್ಟಿ ಬೆಲ್ಟಿನಿಂದ ಓಡಿಸುವ ಜಾತಿಯದ್ದು. ಅದರಲ್ಲೂ ಬಹಳ ಹಳೆಯದು. ಕಪ್ಪು ಮೈಮೇಲೆ ಹೊಂಬಣ್ಣದ ಬಳ್ಳಿಯ ಚಿತ್ತಾರ ಅರ್ಧ ಅಳಿಸಿಹೋಗಿತ್ತು. ಬಟ್ಟೆ ತಾಗಿ ತಾಗಿ ಮುಂಭಾಗದಲ್ಲಿ ಕಬ್ಬಿಣವೇ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ಹೊಲಿದಿದೆ ಎಂದರೆ ಯಾರದೋ ಅನ್ನ ಅದು.

"ಓಡುತ್ತದಾ?" ಎಂದು ಅಂಗಡಿಯವನನ್ನು ಕೇಳಿದೆ.

"ಓಡುದಾದ್ರೆ ಇಲ್ಲಿಗೆ ಯಾಕೆ ಬರ್ತದೆ ಮಾಷೆ?" ಎಂದ. ನಮ್ಮ ಕಡೆ ಶಾಲೆಯಲ್ಲಿ ಕಲಿಸಿದವನು ಸಾಯುವವರೆಗೂ ಮಾಷ್. ಗುಜರಿ ಅಂಗಡಿಯಲ್ಲೂ ಆ ಗೌರವ ತಪ್ಪುವುದಿಲ್ಲ.

ನಾನು ಚಕ್ರ ಹಿಡಿದು ತಿರುಗಿಸಿ ನೋಡಿದೆ. ಅರ್ಧ ಅಂಗುಲ ಕೂಡ ಅಲ್ಲಾಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈ ಒರೆಸಿಕೊಂಡು ಹೊರಡುತ್ತಿದ್ದರು. ನಾನು ಅಲ್ಲೇ ನಿಂತೆ, ಏಕೆಂದರೆ ನನಗೆ ಅಕ್ಕನ ಬೆರಳುಗಳು ನೆನಪಾದವು.

ಅಕ್ಕ ಎಂದರೆ ಸುಶೀಲಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಸುತ್ತಿನ ಹೆಂಗಸರಿಗೆಲ್ಲ ಅವಳು 'ಕೈಹೊಲಿಗೆಯ ಸುಶೀಲಕ್ಕ'. ಸೀರೆಗೆ ಫಾಲ್ ಹಿಡಿಯುವುದು, ರವಿಕೆಯ ಅಂಚು ಮಡಚುವುದು, ಹುಕ್ಕು, ಗುಂಡಿ, ಕಾಜ, ಎಲ್ಲ ಸೂಜಿ ಹಿಡಿದು ಕೈಯಲ್ಲೇ. ಅವಳ ಹೊಲಿಗೆ ಬಟ್ಟೆಯ ಈಚೆಗೆ ಕಾಣುವುದಿಲ್ಲ. ಮದುವೆ ಸೀರೆಗಳನ್ನು ದೂರದಿಂದ ತಂದು ಕೊಡುವವರಿದ್ದಾರೆ. ಆದರೆ ಎರಡು ವರ್ಷಗಳಿಂದ ಅವಳ ಹೆಬ್ಬೆರಳಿನ ಗಂಟು ಊದಿಕೊಂಡು ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಡಾಕ್ಟರು ಮುಲಾಮು ಕೊಟ್ಟು, ಇನ್ನು ಸಣ್ಣ ಸೂಜಿಯ ಕೆಲಸ ಸಾಕು ಎಂದರು. ಬಂದ ಸೀರೆಗಳನ್ನು ಅಕ್ಕ ಒಂದೊಂದಾಗಿ ಹಿಂದಕ್ಕೆ ಕಳಿಸಿದಳು. ಆಮೇಲೆ ಬೆಳಗ್ಗೆ ಎದ್ದು ಚಾಪೆ ಹಾಸಿ ದಾರದ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಹಾಗಾದರೆ ಒಂದು ಮೆಷಿನ್ ತಂದುಕೊಡಬಾರದಿತ್ತೇ ಎಂದು ನೀವು ಕೇಳಬಹುದು. ತೊಂದರೆ ಇದ್ದದ್ದೇ ಅಲ್ಲಿ. ಟೈಲರನ ಮಗಳಾಗಿ ಹುಟ್ಟಿ, ಟೈಲರ್ ಅಂಗಡಿಯಲ್ಲೇ ಬೆಳೆದ ನಮ್ಮ ಅಕ್ಕ ಮೆಷಿನ್ ಮುಟ್ಟುವುದಿಲ್ಲ. ಯಾರಾದರೂ ಕೇಳಿದರೆ, "ನನಗೆ ಮೆಷಿನ್ ಆಗುದಿಲ್ಲ" ಎನ್ನುತ್ತಾಳೆ, ಕೆಲವರಿಗೆ ಬದನೆಕಾಯಿ ಆಗದ ಹಾಗೆ. ಯಾಕೆ ಆಗುವುದಿಲ್ಲ ಎಂಬುದು ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ಐವತ್ತು ವರ್ಷ ನಂಬಿಕೊಂಡಿದ್ದೆ. ಅದಕ್ಕೆ ಕಾರಣ ನಾನೇ ಎಂದೂ.

ನಮ್ಮ ಅಪ್ಪನ ಅಂಗಡಿ ಬಂದ್ಯೋಡಿನಲ್ಲಿತ್ತು. ಇತ್ತು ಎಂದು ಹೇಳಬೇಕು ಅಷ್ಟೆ. ಈಗ ಹೆದ್ದಾರಿ ಅಗಲವಾಗಿ, ಅಪ್ಪ ಕೂತು ಹೊಲಿಯುತ್ತಿದ್ದ ಜಾಗದಲ್ಲಿ ಲಾರಿಗಳು ಓಡುತ್ತವೆ. ಒಂದು ಕೋಣೆ, ಎದುರಿಗೆ ಹಲಗೆಯ ಬಾಗಿಲು, ಒಳಗೆ ಒಂದು ಭಾರೀ ಟೈಲರ್ ಮೆಷಿನು. ಅಪ್ಪ ಟೇಪು ಹಿಡಿಯುವುದಕ್ಕೆ ಮೊದಲೇ ಕಣ್ಣಿನಲ್ಲಿ ಅಳತೆ ತೆಗೆಯುತ್ತಿದ್ದರು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಮಡಿಕೆ ಹೆಚ್ಚಿಗೆ ಇಡುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಆಯಿತು. ಬಿಚ್ಚಿದಲ್ಲಿ ಬಟ್ಟೆಯ ಬಣ್ಣ ಕಡುವಾಗಿ ಉಳಿದು ಒಂದು ಪಟ್ಟೆ ಕಾಣುತ್ತಿತ್ತು. ಆ ಪಟ್ಟೆ ಎಣಿಸಿ ಹುಡುಗರ ಪ್ರಾಯ ಹೇಳಬಹುದಿತ್ತು. ನನ್ನ ಚಡ್ಡಿಗಳ ವಿಷಯ ಮಾತ್ರ ಕೇಳಬೇಡಿ. ಅವು ಗಿರಾಕಿಗಳ ಉಳಿದ ತುಂಡುಗಳಲ್ಲಿ ಹುಟ್ಟಿದವು. ಎದುರುಗಡೆ ಖಾಕಿ, ಹಿಂದುಗಡೆ ನೀಲಿ, ಒಂದು ಜೇಬು ಮಾತ್ರ ಯಾರದೋ ರವಿಕೆಯ ಹೂವಿನ ಬಟ್ಟೆ. ಶಾಲೆಯಲ್ಲಿ ನಾನು ಬರುವಾಗ ಒಬ್ಬ ಹುಡುಗನೂ ಹೋಗುವಾಗ ಇನ್ನೊಬ್ಬ ಹುಡುಗನೂ ಆಗಿ ಕಾಣುತ್ತಿದ್ದೆನಂತೆ.

ಮೆಷಿನಿನ ವಿಷಯದಲ್ಲಿ ಅಪ್ಪನಿಗೆ ಕೆಲವು ನೇಮಗಳಿದ್ದವು. ಬಟ್ಟೆ ಇಡದೆ ಬರಿದೇ ಓಡಿಸಬಾರದು. "ಬರಿ ಹೊಟ್ಟೆಯಲ್ಲಿ ಓಡಿಸಿದರೆ ಅದು ತನ್ನನ್ನೇ ತಿನ್ನುತ್ತದೆ" ಎನ್ನುತ್ತಿದ್ದರು. ಬೆಳಗ್ಗೆ ಮೊದಲು ಒಂದು ಹರಕು ತುಂಡು ಕೊಟ್ಟು ನಾಲ್ಕು ಹೊಲಿಗೆ ಹಾಕಿಯೇ ಗಿರಾಕಿಯ ಬಟ್ಟೆ ಮುಟ್ಟುವುದು. ಶನಿವಾರ ಎಣ್ಣೆ ಹಾಕುವುದು. ಒಂದು ಸಣ್ಣ ಗಾಜಿನ ಕುಪ್ಪಿ, ಅದರಲ್ಲಿ ಅದ್ದಿಟ್ಟ ಒಂದು ಕೋಳಿಗರಿ. ಆ ಗರಿಯಿಂದ ಒಂದೊಂದು ತೂತಿಗೆ ಒಂದೊಂದು ಹನಿ. ಧನುರ್ಮಾಸದ ಚಳಿಗೆ ಕುಪ್ಪಿಯೊಳಗಿನ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಗರಿ ಅದರಲ್ಲಿ ನೆಟ್ಟಗೆ ನಿಂತುಬಿಡುತ್ತಿತ್ತು. ಆಗ ಅಪ್ಪ ಕುಪ್ಪಿಯನ್ನು ಬಾಗಿಲ ಹೊಸ್ತಿಲಲ್ಲಿ ಎಳೆಬಿಸಿಲಿಗೆ ಇಡುತ್ತಿದ್ದರು. ನಾನು ಅದರ ಎದುರು ಕುಕ್ಕರಗಾಲಲ್ಲಿ ಕೂತು ಗರಿ ಯಾವಾಗ ವಾಲುತ್ತದೆ ಎಂದು ಕಾಯುತ್ತಿದ್ದೆ. ಬೆಳ್ಳಗಿದ್ದದ್ದು ಅಂಚಿನಿಂದ ಕರಗಿ ತಿಳಿಯಾಗುತ್ತಾ ಬಂದು, ಗರಿ ಮೆಲ್ಲನೆ ಒಂದು ಬದಿಗೆ ಒರಗುವುದು ನನ್ನ ಬಾಲ್ಯದ ದೊಡ್ಡ ಮನರಂಜನೆಗಳಲ್ಲಿ ಒಂದು.

ಎಣ್ಣೆ ಹಾಕುವ ಕೆಲಸ ಅಕ್ಕನದು. ಅವಳಿಗೆ ಆಗ ಹದಿನೈದು. ಶಾಲೆ ಬಿಟ್ಟು ಬಂದವಳೇ ಅಪ್ಪನ ಪಕ್ಕ ನಿಂತು ನೋಡುತ್ತಿದ್ದಳು, ಅಪ್ಪ ಊಟಕ್ಕೆ ಎದ್ದರೆ ಕೂತು ಹೊಲಿಯುತ್ತಿದ್ದಳು. ಕಾಲರ್ ಕೂರಿಸುವುದರಲ್ಲಿ ಅವಳ ಕೈ ತನ್ನದಕ್ಕಿಂತ ಚೆಂದ ಎಂದು ಅಪ್ಪ ಗಿರಾಕಿಗಳ ಎದುರೇ ಹೇಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಮೆಷಿನ್ ತಂದು ಅಕ್ಕನನ್ನು ಪಕ್ಕದಲ್ಲೇ ಕೂರಿಸುವುದೆಂದು ಮಾತಾಗಿತ್ತು.

ನಾನು ಒಂಬತ್ತು ವರ್ಷದ ಉಪಕಾರಿ. ಆ ವರ್ಷ ಪೆರ್ನಾಳು ಹಬ್ಬ ಧನುರ್ಮಾಸದಲ್ಲೇ ಬಂದಿತ್ತು. ಬಂದ್ಯೋಡಿನ ಮುಸಲ್ಮಾನರ ಮನೆಗಳ ಮಕ್ಕಳ ಹೊಸಬಟ್ಟೆಯೆಲ್ಲ ಅಪ್ಪನ ಕಪಾಟಿನಲ್ಲಿ ರಾಶಿ ಬಿದ್ದಿತ್ತು. ಮೆಷಿನ್ ಮಾತ್ರ ಎರಡು ವಾರದಿಂದ ಕಿರುಗುಟ್ಟುತ್ತಾ, ತುಳಿಯಲು ಭಾರವಾಗುತ್ತಾ ಬಂದಿತ್ತು. "ಇದಕ್ಕೂ ಚಳಿ" ಎಂದು ಅಪ್ಪ ನಗುತ್ತಿದ್ದರು. ನನಗೆ ಅದನ್ನು ಕೇಳಿ ಪಾಪ ಅನಿಸಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಅಮ್ಮ ನಮ್ಮ ತಲೆಗೆ ಹಚ್ಚಲು ಇಟ್ಟಿದ್ದ ತೆಂಗಿನೆಣ್ಣೆಯನ್ನು ಅರ್ಧ ಚಿಪ್ಪು ತಂದು, ಕಂಡ ಕಂಡ ತೂತಿಗೆಲ್ಲ ಧಾರಾಳವಾಗಿ ಹೊಯ್ದೆ. ತಲೆಗೆ ತಂಪು, ಮೈಗೆ ಹಿತ, ಮೆಷಿನಿಗೆ ಮಾತ್ರ ಯಾಕೆ ಬೇಡ? ಉಳಿದದ್ದನ್ನು ಚಕ್ರಕ್ಕೂ ತಿಕ್ಕಿದೆ.

ಮರುದಿನ ಬೆಳಗ್ಗೆ ಮೆಷಿನ್ ತಿರುಗಲಿಲ್ಲ. ಅಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಚಕ್ರ ಹಿಡಿದು ಎಳೆದರು. ಆಗಲಿಲ್ಲ. ಕುಂಬಳೆಯಿಂದ ಮೆಕ್ಯಾನಿಕ್ ಬಂದ. ಬಟ್ಟೆ ಕೇಳಲು ಬಂದ ನಾಲ್ಕೈದು ಜನ ಅಂಗಳದಲ್ಲಿ ನಿಂತಿದ್ದರು. ಮೆಕ್ಯಾನಿಕ್ ಬೆರಳು ಮೂಸಿ ನೋಡಿ, ಎಲ್ಲರಿಗೂ ಕೇಳುವಂತೆ, "ಇದಕ್ಕೆ ತೆಂಗಿನೆಣ್ಣೆ ಹೊಯ್ದ ಬುದ್ಧಿವಂತ ಯಾರು?" ಎಂದ. ಅಪ್ಪ ಅಕ್ಕನ ಕಡೆ ತಿರುಗಿದರು. ನಾನು ಬಾಯಿ ತೆರೆಯುವುದರೊಳಗೆ ಅವಳ ಕೆನ್ನೆಗೆ ಏಟು ಬಿದ್ದಿತ್ತು. "ಇನ್ನು ನೀನು ಮೆಷಿನ್ ಮುಟ್ಟಬೇಡ" ಎಂದರು ಅಪ್ಪ. ಅಕ್ಕ ಒಂದು ಮಾತೂ ಆಡಲಿಲ್ಲ. ತೆರೆದ ನನ್ನ ಬಾಯಿ ಹಾಗೆಯೇ ಮುಚ್ಚಿತು. ಅಪ್ಪ ಬೇರೆಯವರ ಅಂಗಡಿಯಲ್ಲಿ ಕೂತು ಪೆರ್ನಾಳಿನ ಬಟ್ಟೆ ಹೊಲಿದು ಮುಗಿಸಿದರು.

ಪೆಟ್ಟು ಬಿದ್ದ ದಿನವೇ ಸಂಜೆ ಅಪ್ಪ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಅಕ್ಕ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಕೂತಳು. ಅವಳ ತಟ್ಟೆ ಹಾಗೇ ಇತ್ತು. ನನ್ನ ಎದೆಯಲ್ಲಿ ಅಷ್ಟು ದೊಡ್ಡ ಪಾಪ ಇಟ್ಟುಕೊಂಡೂ ನಾನು ಎರಡು ಪಾಲನ್ನೂ ತಿಂದೆ. ಮನುಷ್ಯನ ಹೊಟ್ಟೆಗೂ ಮನಸ್ಸಾಕ್ಷಿಗೂ ನಡುವೆ ದಾರಿ ಇಲ್ಲ ಎಂದು ನಾನು ತಿಳಿದದ್ದು ಆಗ. ದೇಹರಚನೆಯ ಪಾಠದಲ್ಲಿ ಇದನ್ನು ಹೇಳಲು ಅವಕಾಶವಿರಲಿಲ್ಲ.

ಅಲ್ಲಿಂದ ಮುಂದೆ ಅಕ್ಕ ಅಂಗಡಿಯ ಮೂಲೆಯಲ್ಲಿ ಚಾಪೆ ಹಾಸಿ ಕೂತು ಗುಂಡಿ, ಕಾಜ, ಅಂಚು ಮಾಡತೊಡಗಿದಳು. ಎರಡನೇ ಮೆಷಿನ್ ಬರಲಿಲ್ಲ. ಒಂದೆರಡು ವರ್ಷ ಕಳೆದು ಅಪ್ಪನೇ, "ಬಾ, ಸ್ವಲ್ಪ ಕೂತು ನೋಡು" ಎಂದು ಕರೆದದ್ದುಂಟು. ಅಕ್ಕ ತಲೆಯೆತ್ತದೆ, "ನನಗೆ ಮೆಷಿನ್ ಆಗುದಿಲ್ಲ" ಎಂದಳು. ಪಾಪ, ಹುಡುಗಿ ಹೆದರಿದ್ದಾಳೆ ಎಂದುಕೊಂಡೆ. ಅವಳಿಗೆ ಮದುವೆಯಾಯಿತು, ಅಪ್ಪ ತೀರಿಕೊಂಡರು, ಅಂಗಡಿ ಮುಚ್ಚಿತು. ನಾನು ಮಾಷ್ಟ್ರಾಗಿ ಊರ ಮಕ್ಕಳಿಗೆಲ್ಲ ಸತ್ಯ ಹೇಳಬೇಕೆಂದು ಉಪದೇಶ ಮಾಡಿದೆ.

ಈಗ ಹೇಳಿ, ನಾಯ್ಮಾರ್ಮೂಲೆಯಲ್ಲಿ ಆ ಮೆಷಿನನ್ನು ಬಿಟ್ಟು ಬರಲು ನನಗೆ ಹೇಗೆ ಸಾಧ್ಯ? ಅದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಮೇಜಿನ ಅಡಿಯಲ್ಲಿ ಒಂದು ಕಡ್ಡಿ ಇರುತ್ತದೆ, ಮೊಣಕಾಲಿನಿಂದ ಸ್ವಲ್ಪ ತಳ್ಳಿದರೆ ಬಟ್ಟೆ ಒತ್ತುವ ಪಾದ ತಾನಾಗಿ ಮೇಲೇಳುತ್ತದೆ. ಓಡಿಸಲಿಕ್ಕೆ ಮೋಟಾರು, ನಡೆಸಲಿಕ್ಕೆ ಕಾಲು; ಕೈ ಬಟ್ಟೆಗೆ ಸುಮ್ಮನೆ ದಾರಿ ತೋರಿಸಿದರೆ ಸಾಕು. ನೋಯುವ ಹೆಬ್ಬೆರಳಿಗೆ ಕೆಲಸವೇ ಇಲ್ಲ.

ಪಿಕಪ್ಪಿನಲ್ಲಿ ಮನೆಗೆ ಬಂತು. ಇಳಿಸಲು ನಾಲ್ಕು ಜನ ಬೇಕಾಯಿತು. ಯಶೋದೆ ಹೊಸ್ತಿಲಲ್ಲಿ ನಿಂತು ನೋಡಿ, "ಇದು ಎಂತ, ಆನೆಮರಿಯನ್ನು ತಂದದ್ದಾ?" ಎಂದಳು. ಅಕ್ಕ ಹೊರಗೆ ಬಂದಳು, ಒಂದು ಸುತ್ತು ಬಂದು ನೋಡಿದಳು.

"ಯಾರಿಗೆ ಇದು?"

"ನಿನಗೆ."

"ನನಗೆ ಮೆಷಿನ್ ಆಗುದಿಲ್ಲ ಅಂತ ಗೊತ್ತಿಲ್ವಾ ನಿನಗೆ?" ಎಂದವಳೇ ಒಳಗೆ ಹೋದಳು. ಪಾತ್ರೆಗಳ ಶಬ್ದ ಸ್ವಲ್ಪ ಜೋರಾಗಿ ಕೇಳಿಸಿತು.

ನಾನು ಹಟ ಬಿಡಲಿಲ್ಲ. ಮೇಜಿನ ಹಲಗೆ ಗೆದ್ದಲು ತಿಂದು ಪುಡಿಯಾಗಿತ್ತು, ಕಬ್ಬಿಣದ ಕಾಲು ಮಾತ್ರ ಗಟ್ಟಿ. ಅಟ್ಟದಲ್ಲಿದ್ದ ಹಳೆಯ ಮಂಚದ ಹಲಸಿನ ಹಲಗೆಯನ್ನು ಇಳಿಸಿ, ಮೆಷಿನ್ ಕೂರಲು ಬೇಕಾದ ಕಿಂಡಿಯನ್ನು ನಾನೇ ಗುರುತು ಮಾಡಿ ನಾನೇ ಕತ್ತರಿಸಿದೆ. ಎರಡು ದಿನದ ಕೆಲಸ. ಕೂರಿಸಲು ಹೋದರೆ ಚಕ್ರ ಎಡಗಡೆಗೆ ಬರಬೇಕಾಗುತ್ತದೆ! ಮೆಷಿನನ್ನು ಮಗುಚಿ ಹಾಕಿ ಗೆರೆ ಎಳೆದಿದ್ದೆ, ಅದೇ ತಪ್ಪು. ಕೊನೆಗೆ ಹಲಗೆಯನ್ನೇ ತಿರುವಿ ಹಾಕಬೇಕಾಯಿತು. ನಾನು ಉಜ್ಜಿ ಉಜ್ಜಿ ನುಣುಪು ಮಾಡಿದ ಬದಿ ಈಗ ನೆಲ ನೋಡುತ್ತಿದೆ. ಬಗ್ಗಿದವರಿಗೆ ಬಹಳ ಚೆಂದ ಕಾಣುತ್ತದೆ.

ಮೋಟಾರಿನ ಕತೆ ಬೇರೆ. ಅದನ್ನು ಕಟ್ಟಿ ಸ್ವಿಚ್ಚು ಹಾಕಿದಾಗ ಅದು ಮಾತ್ರ ಗುಂಯ್‌ಗುಟ್ಟಿತು. ಮೇಲಿನ ಮೆಷಿನು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ, ಬೆಲ್ಟು ಸುಟ್ಟ ವಾಸನೆ ಬಂತು. ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ, "ಮೋಟಾರ್ ಉಲ್ಟಾ ತಿರುಗ್ತಾ ಉಂಟು. ಸೂಜಿಯೂ ತಿರುಗಿ ಕೂತಿದೆ, ಅದರ ಮೈಮೇಲಿನ ತೋಡು ಆಚೆ ಬದಿಗೆ ಬರಬೇಕು" ಎಂದು ಹೇಳಿ ಒಳಗೆ ಹೋದಳು. ನಾನೂ ಯಶೋದೆಯೂ ಮುಖ ಮುಖ ನೋಡಿಕೊಂಡೆವು. ಅಷ್ಟು ದೂರದಿಂದ ಸೂಜಿಯ ತೋಡು ಕಂಡ ಕಣ್ಣಿಗೆ ಮೆಷಿನ್ ಆಗುವುದಿಲ್ಲವಂತೆ. ಆಮೇಲೆ ಗಮನಿಸಿದೆ, ಚಾವಡಿ ಗುಡಿಸುವಾಗ ಅಕ್ಕ ಮೆಷಿನಿನ ಸುತ್ತಲೂ ಗುಡಿಸುತ್ತಿದ್ದಳು, ಪೊರಕೆಯೂ ಅದಕ್ಕೆ ತಾಗದ ಹಾಗೆ.

ಕೊನೆಗೆ ಮೂಸಚ್ಚನಿಗೆ ಫೋನು ಮಾಡಿದೆ. ಮೂಸಚ್ಚ ಎಂದರೆ ಚೆರ್ಕಳದ ಕಡೆಯ ಹಳೆಯ ಹೊಲಿಗೆ ಮೆಷಿನ್ ಮೆಕ್ಯಾನಿಕ್. ಎಪ್ಪತ್ತು ದಾಟಿದೆ, ಈಗ ಕೆಲಸ ಬಿಟ್ಟಿದ್ದಾರೆ. ಹಳೆಯ ಜಾತಿಯ ಮೆಷಿನ್ ಎಂದಾಗ ಮಾತ್ರ, "ನಾನೇ ಬರ್ತೇನೆ, ನೀವು ಅದನ್ನು ಮುಟ್ಟಬೇಡಿ ಮಾಷೆ" ಎಂದರು. ನನ್ನ ಖ್ಯಾತಿ ಅಲ್ಲಿಗೂ ತಲುಪಿತ್ತೆಂದು ಕಾಣುತ್ತದೆ.

ಒಂದು ಮಧ್ಯಾಹ್ನ ಊಟದ ಹೊತ್ತು ಕಳೆದು ಬಂದರು. ಮೋಟಾರಿನ ಎರಡು ವಯರುಗಳನ್ನು ಅದಲುಬದಲು ಮಾಡಿದರು, ಅದು ಸರಿಯಾದ ಕಡೆಗೆ ತಿರುಗಿತು. ಸೂಜಿಯನ್ನು ಅಕ್ಕ ಹೇಳಿದ ಹಾಗೆಯೇ ತಿರುಗಿಸಿ ಕೂರಿಸಿದರು. ಆಮೇಲೆ ಮೆಷಿನಿನ ಮುಖದ ಮುಚ್ಚಳ ಬಿಚ್ಚಿ ಒಳಗೆ ಬೆರಳು ಹಾಕಿ ತೆಗೆದರು. ಬೆರಳಿಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು, ಹಲಸಿನ ಮೇಣದ ಹಾಗೆ. ಅದನ್ನು ಮೂಗಿನ ಹತ್ತಿರ ಹಿಡಿದು, "ಅದೇ. ತೆಂಗಿನೆಣ್ಣೆ" ಎಂದರು.

ಅಕ್ಕ ಅಲ್ಲೇ ಕಂಬದ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ನನಗೆ ಒಮ್ಮೆಲೇ ಒಂಬತ್ತು ವರ್ಷವಾಯಿತು. ಅದೇ ಬೆರಳು, ಅದೇ ಮೂಸುವುದು, ಅದೇ ಮಾತು. ಈ ಸಲವೂ ಬಾಯಿ ಮುಚ್ಚಿಕೊಂಡರೆ ಇನ್ನು ತೆರೆಯುವುದು ಯಾವ ಕಾಲಕ್ಕೆ?

"ಅಕ್ಕಾ" ಎಂದೆ. "ಅಪ್ಪನ ಮೆಷಿನಿಗೆ ಅವತ್ತು ತೆಂಗಿನೆಣ್ಣೆ ಹೊಯ್ದದ್ದು ನಾನು. ನೀನು ಪೆಟ್ಟು ತಿಂದದ್ದು ನನ್ನಿಂದ. ನೀನು ಮೆಷಿನ್ ಬಿಟ್ಟದ್ದೂ ನನ್ನಿಂದ."

ಅಕ್ಕ ನನ್ನನ್ನು ನೋಡಿದಳು. ಮೂಸಚ್ಚ ಬೆರಳು ಒರೆಸುವುದನ್ನು ನಿಲ್ಲಿಸಿ, "ಎಷ್ಟು ಹೊಯ್ದದ್ದು ಮಾಷೆ?" ಎಂದರು.

"ಅರ್ಧ ಚಿಪ್ಪು."

"ಎಷ್ಟು ಸಲ?"

"ಒಂದೇ ಸಲ."

"ಒಂದು ಸಲಕ್ಕೆ ಎಂತ ಸಹ ಆಗುದಿಲ್ಲ. ನೀವು ಒಂದು ಕೊಡಪಾನ ಹೊಯ್ಯಿರಿ, ಮರುದಿವಸ ಮೆಷಿನ್ ಹಗುರ ಓಡ್ತದೆ. ಇದು ವರ್ಷಗಟ್ಟಲೆ, ಹನಿ ಹನಿ ಹಾಕಿ, ಒಣಗಿ, ಅದರ ಮೇಲೆ ಪುನಃ ಹಾಕಿ ಕಟ್ಟಿದ ಅಂಟು. ಹೀಗೆ ಹಿಡಿಯಬೇಕಾದ್ರೆ ದಿನಾ ಹಾಕುವವನೇ ಹಾಕಬೇಕು."

"ಮತ್ತೆ ಅಪ್ಪನ ಮೆಷಿನ್ ನಿಂತದ್ದು?"

ಅದಕ್ಕೆ ಉತ್ತರ ಕೊಟ್ಟದ್ದು ಅಕ್ಕ. "ಅಪ್ಪ ಎಣ್ಣೆಕುಪ್ಪಿ ಬಿಸಿಲಿಗೆ ಇಡ್ತಿದ್ದದ್ದು ನೆನಪುಂಟಾ ನಿನಗೆ?"

"ಉಂಟು."

"ಮೆಷಿನ್ ಎಣ್ಣೆ ಚಳಿಗೆ ಗಟ್ಟಿ ಆಗ್ತದಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಮೂವತ್ತು ವರ್ಷ, ನೋಡಿ, ಮೂವತ್ತು ವರ್ಷ ಐದನೇ ತರಗತಿಯ ಮಕ್ಕಳಿಗೆ ಘನ, ದ್ರವ ಎಂದು ಪಾಠ ಮಾಡುವಾಗ, ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುವುದನ್ನೇ ಉದಾಹರಣೆ ಕೊಟ್ಟವನು ನಾನು. ಒಮ್ಮೆ ಒಂದು ಕುಪ್ಪಿಯನ್ನು ತರಗತಿಗೆ ಒಯ್ದು ಬಿಸಿಲಿಗಿಟ್ಟು ತೋರಿಸಿದ್ದೆ. ಕುಪ್ಪಿಯ ಎದುರು ಕುಕ್ಕರಗಾಲಲ್ಲಿ ಕೂತ ಆ ಹುಡುಗನಿಗೆ ಮಾತ್ರ ಪಾಠ ಹತ್ತಿರಲಿಲ್ಲ.

"ಅಮ್ಮ ಗಾಣದಿಂದ ಎಣ್ಣೆ ತಂದ ದಿವಸ ಅಪ್ಪ ಆ ಕುಪ್ಪಿಗೂ ಸ್ವಲ್ಪ ಬಗ್ಗಿಸಿಕೊಳ್ತಿದ್ರು" ಎಂದಳು ಅಕ್ಕ. "ನನಗೆ ಗೊತ್ತಿತ್ತು. ಶನಿವಾರ ಶನಿವಾರ ಹಾಕ್ತಿದ್ದವಳು ನಾನೇ ಅಲ್ವಾ. ನಮ್ಮಲ್ಲಿ ಎಲ್ಲದಕ್ಕೂ ಅದೇ ಎಣ್ಣೆ, ಮೆಷಿನಿಗೆ ಬೇರೆ ಬೇಕು ಅಂತ ಯಾರಿಗೆ ಗೊತ್ತಿತ್ತು?"

"ಹಾಗಾದ್ರೆ ಅವತ್ತು ನೀನು ಹೇಳಬೇಕಿತ್ತಲ್ಲ, ನಿಮ್ಮದೇ ಕುಪ್ಪಿಯ ಎಣ್ಣೆ ಅಂತ."

"ಅಷ್ಟು ಜನರ ಎದುರು? ಟೈಲರ್ ಆದವನೇ ತೆಂಗಿನೆಣ್ಣೆ ಹಾಕಿದ್ದು ಅಂತ ಗೊತ್ತಾದ್ರೆ ಅಪ್ಪನ ಮಾನ ಉಳಿಯುತ್ತಿತ್ತಾ? ಪೆಟ್ಟು ಎಂತ, ಅದು ಹೋಗ್ತದೆ." ಅವಳು ಹೆಬ್ಬೆರಳಿನ ಗಂಟನ್ನು ಮೆಲ್ಲ ತಿಕ್ಕಿಕೊಂಡಳು. "ಮಾರನೇ ದಿವಸವೇ ಅಂಗಡಿಗೆ ಮೆಷಿನ್ ಎಣ್ಣೆಯ ಡಬ್ಬಿ ಬಂತು. ಅಪ್ಪನಿಗೆ ಗೊತ್ತಾಗಿತ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು. ಮುಟ್ಟಬೇಡ ಅಂತ ಬಾಯಿಬಿಟ್ಟು ಹೇಳಿದವರು ಇದನ್ನೂ ಬಾಯಿಬಿಟ್ಟು ಹೇಳಲಿ ಅಂತ ಕೂತೆ. ನನಗೂ ಹಟ. ಅವರು ಹೇಳಲಿಲ್ಲ, ನಾನು ಮುಟ್ಟಲಿಲ್ಲ."

ಹೆದರಿಕೆ ಎಂದು ನಾನು ಐವತ್ತು ವರ್ಷ ತಿಳಿದದ್ದು ಸಿಟ್ಟಾಗಿತ್ತು. ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಬಂದ ಹಾಗೆಯೇ, ಹೊಸ್ತಿಲಲ್ಲಿ ಬಗ್ಗಿ ಕುಪ್ಪಿ ಇಡುತ್ತಿದ್ದ ಅವರ ಬೆನ್ನು ನೆನಪಾಗಿ ಅಳು ಬಂತು. ಮೂಸಚ್ಚ ಯಾವುದನ್ನೂ ಕೇಳದವರಂತೆ, "ಚಿಮಿಣಿ ಎಣ್ಣೆ ಉಂಟಾ ಮನೆಯಲ್ಲಿ?" ಎಂದರು. ಯಶೋದೆ ಸ್ವಲ್ಪ ಸೀಮೆಎಣ್ಣೆ ಎಲ್ಲೋ ಜೋಪಾನವಾಗಿ ಇಟ್ಟಿದ್ದಳು, ತಂದುಕೊಟ್ಟಳು. ಅವರು ಅದನ್ನು ತೂತು ತೂತಿಗೆ ಬಿಟ್ಟು, ಮರದ ತುಂಡಿನಿಂದ ಮೆಲ್ಲ ತಟ್ಟುತ್ತಾ, ಚಕ್ರವನ್ನು ಹಿಂದೆ ಮುಂದೆ ಆಡಿಸತೊಡಗಿದರು. ಒಂದು ಕೂದಲೆಳೆ, ಎರಡು ಕೂದಲೆಳೆ, ಆಮೇಲೆ ಕಾಲು ಸುತ್ತು. ನಾವು ಮೂವರೂ ಉಸಿರು ಹಿಡಿದು ನೋಡುತ್ತಿದ್ದೆವು. ಕಂದು ನೀರು ಹಲಗೆಗೆ ಇಳಿಯಿತು. ಚಕ್ರ ಪೂರ್ತಿ ಒಂದು ಸುತ್ತು ಬಂದಾಗ ಅಕ್ಕನ ಬಾಯಿಂದ, "ಹಾಂ" ಎಂದು ಒಂದು ಶಬ್ದ ಬಂತು. ಒರೆಸಿ, ಒಣಗಿಸಿ, ತಾವು ತಂದಿದ್ದ ಮೆಷಿನ್ ಎಣ್ಣೆ ಬಿಟ್ಟು, "ಇನ್ನು ಕೂತು ನೋಡಿ ಯಾರಾದ್ರೂ" ಎಂದರು ಮೂಸಚ್ಚ.

ಯಾರೂ ಏಳಲಿಲ್ಲ.

"ಅವತ್ತಿನ ಗೋಳಿಬಜೆ ನೆನಪುಂಟಾ?" ಎಂದು ಅಕ್ಕ ನನ್ನನ್ನು ಕೇಳಿದಳು.

ನಾನು ತಲೆ ತಗ್ಗಿಸಿದೆ.

"ಅದಕ್ಕೆ ಮೊದಲು ಅಪ್ಪ ಯಾವತ್ತಾದ್ರೂ ಹೋಟೆಲಿನ ತಿಂಡಿ ಮನೆಗೆ ತಂದದ್ದುಂಟಾ? ಅದು ನನಗೆ ತಂದದ್ದು ಮಾರಾಯ. ಬಾಯಲ್ಲಿ ಹೇಳಲಿಕ್ಕೆ ಬರಲಿಲ್ಲ, ಕಟ್ಟಿಸಿಕೊಂಡು ಬಂದರು. ಸಿಟ್ಟು ಸ್ವಲ್ಪ ಇಳಿದ ಮೇಲೆ ತಿನ್ನುವ ಅಂತ ಇದ್ದೆ. ತಿರುಗಿ ನೋಡುವಾಗ ತಟ್ಟೆ ಖಾಲಿ."

ಯಶೋದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನಾನು ಐವತ್ತು ವರ್ಷ ಹೊತ್ತು ತಿರುಗಿದ ಪಾಪ ನನ್ನದಾಗಿರಲಿಲ್ಲ. ಆದರೆ ಅಪ್ಪ ಮಗಳಿಗೆ ಹೇಳಬೇಕಾದ ಒಂದೇ ಮಾತನ್ನು ಕಾಗದದಲ್ಲಿ ಕಟ್ಟಿ ತಂದಾಗ, ಅದನ್ನು ಕುರುಕುರು ಎಂದು ತಿಂದು ಮುಗಿಸಿದವನು ನಾನೇ.

"ತಪ್ಪಾಯಿತು ಅಕ್ಕಾ" ಎಂದೆ.

"ಇನ್ನೊಮ್ಮೆ ಹೇಳು" ಎಂದಳು. "ನಿನ್ನ ಸ್ವರ ಈಗ ಅಪ್ಪನದ್ದರ ಹಾಗೇ ಆಗಿದೆ."

"ತಪ್ಪಾಯಿತು" ಎಂದೆ, ಈ ಸಲ ಅಕ್ಕಾ ಎನ್ನದೆ.

ಅವಳು ಮೊಣಕಾಲಿಗೆ ಕೈ ಊರಿ ಎದ್ದಳು. ಸೆರಗಿಗೆ ಕೈ ಒರೆಸಿ, ಮೆಷಿನನ್ನು ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ಟೂಲು ಎಳೆದು ಕೂತಳು. ದಾರ ಪೋಣಿಸಿದಳು, ಎಲ್ಲಿಂದ ಎಲ್ಲಿಗೆ ಎಂದು ಮೂಸಚ್ಚ ಹೇಳಬೇಕಾಗಲಿಲ್ಲ. ಸ್ವಿಚ್ಚಿಗೆ ಕೈ ಹಾಕಿದವಳು ನಿಲ್ಲಿಸಿ, "ಬಟ್ಟೆ ಎಲ್ಲಿ? ಬರಿದೇ ಓಡಿಸುದಾ?" ಎಂದಳು. ಬಟ್ಟೆ ಇಟ್ಟುಕೊಳ್ಳಬೇಕೆಂಬ ಬುದ್ಧಿ ಟೈಲರನ ಮಗನಿಗೆ ಹೊಳೆದಿರಲಿಲ್ಲ. ಮುಖ ಒರೆಸಲು ಹೆಗಲಿಗೆ ಹಾಕಿಕೊಂಡಿದ್ದ ನನ್ನ ಬೈರಾಸನ್ನು ಅವಳೇ ಎಳೆದುಕೊಂಡು ಎರಡು ಮಡಿಕೆ ಮಾಡಿ ಸೂಜಿಯ ಅಡಿಗೆ ಇಟ್ಟಳು.

ಕಾಲು ತಾಗಿದ್ದೇ ತಡ, ಮೆಷಿನು ಗುಡುಗುಟ್ಟಿ ಅರ್ಧ ಬೈರಾಸನ್ನು ಒಂದೇ ಉಸಿರಿಗೆ ಹೊಲಿದುಬಿಟ್ಟಿತು. ಅಕ್ಕ ಕಾಲು ತೆಗೆದಳು. ಗೆರೆ ಹಾವಿನ ಹಾಗೆ ಹೋಗಿತ್ತು. ಅವಳು ಬಟ್ಟೆ ತಿರುಗಿಸಿ, ಮೊಣಕಾಲಿನಿಂದ ಪಾದ ಎತ್ತಿ ಇಳಿಸಿ, ಹೆಬ್ಬೆರಳನ್ನು ಮಡಚಿ ಅಂಗೈಯಿಂದ ಬಟ್ಟೆ ಒತ್ತಿ, ಕಾಲಿನ ತುದಿಯನ್ನಷ್ಟೇ ಒತ್ತಿದಳು. ಎರಡನೇ ಗೆರೆ ಹಾವಿನ ಪಕ್ಕದಲ್ಲಿ ನೂಲು ಹಿಡಿದ ಹಾಗೆ ನೇರವಾಗಿ ಹೋಯಿತು. ಮೂರನೆಯದೂ. ನನ್ನ ಬೈರಾಸು ಚೀಲವಾಗುತ್ತಾ ಬಂತು. ಯಾರೂ ಬೇಡ ಎನ್ನಲಿಲ್ಲ.

"ಚಂದ್ರ" ಎಂದಳು ಅಕ್ಕ, ಸೂಜಿಯಿಂದ ಕಣ್ಣು ತೆಗೆಯದೆ.

"ಹಾಂ."

"ಗಂಟೆ ನಾಲ್ಕಾಯಿತಲ್ಲ, ಹೋಟೆಲಿನಲ್ಲಿ ಗೋಳಿಬಜೆ ಆಗಿರಬಹುದು. ಹೋಗಿ ಕಟ್ಟಿಸಿಕೊಂಡು ಬಾ. ನನ್ನ ಪಾಲು ನನ್ನ ಕೈಯಲ್ಲೇ ಕೊಡು."

ನಾನು ಹೆಗಲಿಗೆ ಬೈರಾಸಿಲ್ಲದೆ ಸ್ಕೂಟರು ಹೊರಡಿಸಿದೆ.